ಸಾಬವ್ವನ ಪಾಲಿಗೆ ಬಂದ ಮಾತು

"ಮೊದಲನೇ ಮಾತು, ಸಾಬವ್ವ" ಎಂದು ಪಾಸ್ಟರ್ ಕುಶಲ ಹೇಳಿದ ಕೂಡಲೇ, ತಗಡಿನ ಪತ್ರಾ ಹೊದಿಸಿದ ಆ ಪ್ರಾರ್ಥನೆಯ ಮನೆಯಲ್ಲಿ ಕೆಮ್ಮುತ್ತಿದ್ದವರು ಕೆಮ್ಮನ್ನೂ ನುಂಗಿಕೊಂಡರು. ಹೆಂಗಸರ ಸಾಲಿನಲ್ಲಿ ಕೂತಿದ್ದ ಸಾಬವ್ವ ತಲೆಯ ಮೇಲಿನ ಸೆರಗನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡಳು. ಗಂಡಸರ ಮುಂದಿನ ಸಾಲಿನಲ್ಲಿ ಕೂಲಿಯಾಳುಗಳ ಟೋಳಿಯನ್ನು ದುಡಿಸುವ ಮುಕಾದಮ ಸದಾನಂದ ತಲೆ ಬಗ್ಗಿಸಿದ್ದು ಅವಳಿಗೆ ಕಂಡಿತು. ಅಷ್ಟು ಭಕ್ತಿಯಿಂದ ತಲೆ ಬಗ್ಗಿಸುವವನು ಒಂದೋ ಪಶ್ಚಾತ್ತಾಪ ಪಟ್ಟಿರಬೇಕು, ಇಲ್ಲವೇ ತನಗೆ ಬೇಕಾದ್ದನ್ನು ಗಿಟ್ಟಿಸಿಕೊಂಡಿರಬೇಕು. ಮದುವೆಯಾಗಿ ಬಂದಾಗಿನಿಂದ ಸದಾನಂದನನ್ನು ಬಲ್ಲ ಸಾಬವ್ವನಿಗೆ ಇದು ಯಾವುದೆಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಆ ಸಭೆಯವರೆಲ್ಲ ಬೀದರ ಕಡೆಯ ಒಂದೇ ಊರಿನವರು. ಪುಣೆಯಲ್ಲಿ ಕಟ್ಟಡಗಳು ಏಳತೊಡಗಿದಾಗ ಸದಾನಂದನ ಬೆನ್ನು ಹತ್ತಿ ಬಂದು, ಹಡಪಸರದ ಆಚೆ ತಗಡಿನ ಖೋಲಿಗಳ ವಸ್ತಿಯಲ್ಲಿ ನೆಲೆ ನಿಂತವರು. ಮಗರಪಟ್ಟಾದ ಎತ್ತರದ ಮನೆಗಳಿಗೆ ಇಟ್ಟಿಗೆ ಹೊತ್ತವರಲ್ಲಿ ಇವರೂ ಇದ್ದರು. ಈಗ ಅದೇ ಮನೆಗಳಲ್ಲಿ ಇವರ ಹೆಣ್ಣುಮಕ್ಕಳು ಪಾತ್ರೆ ತೊಳೆಯುತ್ತಿದ್ದರು. ಊರು ಬಿಟ್ಟು ಬರುವಾಗ ಗಂಟುಮೂಟೆಯ ಜೊತೆಗೆ ಒಂದು ರೂಢಿಯನ್ನೂ ಕಟ್ಟಿಕೊಂಡು ಬಂದಿದ್ದರು.

ಲೆಂಟ್ ಎಂಬ ಉಪವಾಸದ ದಿನಗಳ ಕೊನೆಗೆ ಶುಭ ಶುಕ್ರವಾರ ಬರುತ್ತದೆ. ಅಂದು ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ, ಯೇಸು ಶಿಲುಬೆಯ ಮೇಲೆ ಆಡಿದ ಏಳು ಮಾತುಗಳನ್ನು ಧ್ಯಾನಿಸುವುದು ಎಲ್ಲ ಕಡೆಯೂ ಇದ್ದದ್ದೇ. ಬೇರೆಡೆ ಓದಿದವರು ಉಪದೇಶ ಮಾಡುತ್ತಾರೆ. ಇವರಲ್ಲಿ ಹಾಗಲ್ಲ, ಏಳು ಮಾತನ್ನು ಹಿಂದಿನ ಭಾನುವಾರವೇ ಏಳು ಮಂದಿಗೆ ಹಂಚುತ್ತಾರೆ. ಅಕ್ಷರ ಬಂದರೂ ಸರಿ, ಬಾರದಿದ್ದರೂ ಸರಿ, ಎದ್ದು ನಿಂತು ತಿಳಿದಷ್ಟು ಹೇಳಬೇಕು. ಹೇಳುವಾಗ ನಡುವೆ ಯಾರೂ ಬಾಯಿ ಹಾಕಬಾರದು, ಆಮೇಲೆ ಉತ್ತರವನ್ನೂ ಕೊಡಬಾರದು. ಮೊದಲನೆಯದು ಕ್ಷಮೆಯ ಮಾತಾದ್ದರಿಂದ ಅದನ್ನು ಜಗಳವಿರುವ ಮನೆಯವರಿಗೇ ಕೊಡುವುದು ಪದ್ಧತಿ. ಅವರು ಅದನ್ನು ಹೇಳಿ ಕೂತರೆ ಜಗಳ ಅಲ್ಲಿಗೆ ತೀರಿತು. ನಳದ ಹತ್ತಿರವಾಗಲಿ, ಪಂಚರ ಮುಂದಾಗಲಿ ಮತ್ತೆ ಆ ಸುದ್ದಿ ಎತ್ತುವಂತಿಲ್ಲ. ಗೋಡೆ ಜಗಳ, ಆಡಿನ ಜಗಳ, ಅತ್ತೆ ಸೊಸೆಯರ ಜಗಳ, ಎಷ್ಟೋ ಹೀಗೆ ತೀರಿವೆ. ಕೋರ್ಟಿಗಿಂತ ಅಗ್ಗ ಎಂದು ಹಿರಿಯರು ಹೆಮ್ಮೆ ಪಡುತ್ತಿದ್ದರು.

ಆದರೆ ಸಾಬವ್ವನ ಮನೆಯ ಜಗಳ ಗೋಡೆಯದಲ್ಲ, ಮಗನದು. ಹೋದ ವರ್ಷ ಇದೇ ಉಪವಾಸದ ದಿನಗಳಲ್ಲಿ ಅವಳ ಮಗ ಜೈಭೀಮ ಕಟ್ಟಡಕ್ಕೆ ಕಟ್ಟಿದ ಬಿದಿರಿನ ಪರಾಂಚಿಯ ಮೇಲಿಂದ ಬಿದ್ದು ಸತ್ತಿದ್ದ. ಬಿದಿರು ಕಟ್ಟಿದ ಹಗ್ಗ ಕೊಳೆತಿತ್ತು. ಹತ್ತುವ ಮುಂಚೆ ಹುಡುಗ ಅದನ್ನು ಎಳೆದು ನೋಡಿ ಸದಾನಂದನಿಗೆ ಹೇಳಿದ್ದನ್ನು, ಸದಾನಂದ "ಏರು ಏರು, ಸಾಹೇಬ ಬರೋ ವ್ಯಾಳ್ಯಾ ಆಯ್ತು" ಎಂದದ್ದನ್ನು, ಕೆಳಗೆ ಸಿಮೆಂಟು ಕಲಸುತ್ತಿದ್ದ ಸಾಬವ್ವ ತನ್ನ ಕಿವಿಯಿಂದಲೇ ಕೇಳಿದ್ದಳು. ಪೊಲೀಸರು ಬಂದಾಗ ಸದಾನಂದ, "ಹುಡುಗ ಕುಡ್ದಿದ್ದ" ಎಂದುಬಿಟ್ಟ. ಟೋಳಿಯವರೆಲ್ಲ ನೆಲ ನೋಡಿದರು. ಗಂಡ ಸತ್ತ ಹೆಂಗಸು, ಬೆಳೆದ ಮಗಳು, ಸದಾನಂದ ಕೊಟ್ಟ ಖೋಲಿ; ಸಾಬವ್ವನ ಬಾಯಿಯೂ ಕಟ್ಟಿತು. ಒಂದು ಹನಿ ಹೆಂಡ ಮುಟ್ಟದ ಹುಡುಗ ಉಪವಾಸದ ದಿನಗಳಲ್ಲಿ ಕುಡಿದು ಬಿದ್ದವನೆಂದು ಹೆಸರು ಹೊತ್ತು ಮಣ್ಣಿಗೆ ಹೋದ. ಅಂದಿನಿಂದ ಸಾಬವ್ವ ಸಭೆಯಲ್ಲಿ ಹಂಚುವ ಪ್ರಭುಭೋಜನದ ರೊಟ್ಟಿ ಮುಟ್ಟಿರಲಿಲ್ಲ. ಎದೆಯಲ್ಲಿ ಹಗೆ ಇಟ್ಟುಕೊಂಡು ಅದನ್ನು ತಿನ್ನಬಾರದೆಂಬುದು ಅವಳಿಗೆ ಗೊತ್ತಿತ್ತು.

"ಆರನೇ ಮಾತು, ಸದಾನಂದ" ಎಂದು ಪಾಸ್ಟರ್ ಮುಂದುವರಿಸುತ್ತಿದ್ದ. ಆರನೆಯದು, ಎಲ್ಲ ತೀರಿತು ಎಂಬ ಮಾತು. ಕ್ಷಮೆ ಅವಳ ಬಾಯಲ್ಲಿ, ತೀರಿತೆನ್ನುವುದು ಅವನ ಬಾಯಲ್ಲಿ.

ಮರುದಿನ ಕೆಲಸಕ್ಕೆ ಹೋಗುವ ಮುಂಚೆ ಅವಳು ಪಾಸ್ಟರನ ಖೋಲಿಯ ಬಾಗಿಲಲ್ಲಿ ನಿಂತಳು. ಕುಶಲ ಗದಗಿನ ಕಡೆಯವನು, ಬಂದು ಆರೇಳು ತಿಂಗಳಾಗಿತ್ತು. ಒಳ್ಳೆಯವನೇ. ಒಳ್ಳೆಯವರಿಂದಾಗುವ ಕೇಡು ಕೆಟ್ಟವರಿಂದ ಆಗುವುದಿಲ್ಲ ಎನ್ನುವುದು ಬೇರೆ ಮಾತು.

"ನನಗ ಮೊದಲನೇ ಮಾತು ಕೊಡ್ರಿ ಅಂತ ಸದಾನಂದಣ್ಣ ಹೇಳ್ಯಾನೇನ್ರಿ?"

ಪಾಸ್ಟರ್ ತಿರುಗುವ ಫ್ಯಾನಿನ ಕಡೆ ನೋಡಿದ. "ಅವರು ಭಾಳ ನೊಂದಾರ್ರೀ, ಅವ್ವಾ. ಅತ್ತು ಹೇಳಿದ್ರು. ಮನಸ್ಸಿನ್ಯಾಗ ಸಿಟ್ಟು ಇಟ್ಕೊಂಡ್ರ ಅದು ನಿಮ್ಮನ್ನ ಸುಡ್ತದ. ಕ್ಷಮಾ ಮಾಡಿದ್ರ ಬಿಡುಗಡಿ ಸಿಗೂದು ನಿಮಗ."

"ಅವ ಏನು ಮಾಡ್ಯಾನ ಅಂತ ನಿಮ್ಮ ಮುಂದ ಹೇಳ್ಯಾನೇನು?"

"ಏನೋ ಬೈದಿದ್ದೆ, ಹುಡುಗನ್ನ ಸರಿಯಾಗಿ ನೋಡಿಕೊಳ್ಳಲಿಲ್ಲ ಅಂದ್ರು."

ಸಾಬವ್ವ ಕೆಲಸದ ದಾರಿ ಹಿಡಿದಳು. ಬೇರೆಯವರಿಗೆ ಕೊಡಿ ಎಂದು ಕೇಳಲೇ ಬಂದಿದ್ದಳು. ಆದರೆ ಮಾತು ಬೇಡವೆಂದರೆ ವಸ್ತಿಯಲ್ಲಿ ಏನಾಗುತ್ತದೆಂದು ಅವಳಿಗೆ ಗೊತ್ತಿತ್ತು. ಕುಡುಕ ಮಗನ ತಾಯಿ, ಮೇಲೆ ಕಲ್ಲೆದೆಯವಳು ಎನ್ನುತ್ತಿದ್ದರು. ಒಪ್ಪಿಕೊಂಡರೆ, ಮಗ ಕುಡಿದೇ ಬಿದ್ದದ್ದು ಎಂದು ತಾನೇ ಮುದ್ರೆ ಒತ್ತಿದ ಹಾಗೆ. ಆಮೇಲೆ ಸಾಯುವತನಕ ಬಾಯಿ ತೆರೆಯುವಂತಿಲ್ಲ. ಅತ್ತ ದರಿ, ಇತ್ತ ಪುಲಿ. ಸದಾನಂದ ಬಿದಿರು ಕಟ್ಟುವುದರಲ್ಲಿ ಹೇಗೋ ಏನೋ, ಇಂಥದ್ದನ್ನು ಕಟ್ಟುವುದರಲ್ಲಿ ಗಟ್ಟಿಗ.

ಸಂಜೆ ಖೋಲಿಯಲ್ಲಿ ಮಗಳು ಸಪ್ನಾ ಅವಳಿಗೆ ಮಾತು ಹೇಳಿಕೊಡಲು ಕೂತಳು. ಸಾಬವ್ವ ರೊಟ್ಟಿ ಬಡಿಯುತ್ತಿದ್ದಳು. ಹುಡುಗಿಗೆ ಒಳಗೊಳಗೇ ಹೆದರಿಕೆ.

"ಅಂದ್ಬಿಡವ್ವಾ. ಅಣ್ಣ ಏನು ಎದ್ದು ಬರ್ತಾನೇನು? ಖೋಲಿ ಹೋದ್ರ ನಾವು ಎಲ್ಲಿ ಹೋಗಾರು?"

"ಹೇಳಿಕೊಡು ಸುಮ್ನ" ಎಂದಳು ಸಾಬವ್ವ. "ನಾ ನಿಮಗ ಮಾಫ್ ಮಾಡೀನಿ, ಯಾಕಂದ್ರ ನಿಮಗ ತಿಳಿವಲ್ದು. ಹಿಂಗೇ ಹೌದಿಲ್ಲೋ?"

ಸಪ್ನಾ ಬೈಬಲಿನ ಪುಟದ ಮೇಲೆ ಬೆರಳಿಟ್ಟು ಮತ್ತೊಮ್ಮೆ ಓದಿಕೊಂಡಳು. "ಹಂಗಿಲ್ಲವ್ವಾ. ನಾ ಮಾಡೀನಿ ಅಂತ ಯೇಸುಸ್ವಾಮಿ ಎಲ್ಲೂ ಅಂದಿಲ್ಲ. ಅಪ್ಪಾ, ಇವ್ರಿಗಿ ನೀ ಮಾಫ್ ಮಾಡು ಅಂತ ಕೇಳ್ಯಾನ."

ಸಾಬವ್ವನ ಕೈ ನಿಂತಿತು. ಹುಟ್ಟಿದಾಗಿನಿಂದ ಕೇಳಿದ ಮಾತು, ಕೇಳಿಸಿಕೊಂಡದ್ದು ಈಗ. "ಇನ್ನೊಮ್ಮಿ ಹೇಳು" ಎಂದಳು. ಸಪ್ನಾ ಹೇಳಿದಳು. ಹೆಂಚಿನ ಮೇಲೆ ರೊಟ್ಟಿ ಕಪ್ಪಾಯಿತು. ಹಾಳಾಯಿತೆಂದು ಸಪ್ನಾ ಕೂಗಿಕೊಂಡಳು. ಅವ್ವ ಸುಟ್ಟ ರೊಟ್ಟಿಯನ್ನು ತಾನೇ ತಿಂದು ಕೈ ತೊಳೆದಳು.

ಗುರುವಾರ ಮಧ್ಯಾಹ್ನ ಸೈಟಿನ ನೀರಿನ ಟಾಕಿಯ ಹತ್ತಿರ ಸದಾನಂದ ತಾನಾಗಿಯೇ ಬಂದ. ಒಂದು ವರ್ಷದಲ್ಲಿ ಅವನೂ ಇಳಿದುಹೋಗಿದ್ದ. ಟೋಳಿಯ ಹುಡುಗರು ಈಗೀಗ ಪರಾಂಚಿ ಹತ್ತುವ ಮುಂಚೆ ಹಗ್ಗವನ್ನು ಎಳೆದು ನೋಡುತ್ತಿದ್ದರು, ಆಮೇಲೆ ಅವನ ಮುಖ ನೋಡುತ್ತಿದ್ದರು. ಯಾರೂ ಏನೂ ಅನ್ನುತ್ತಿರಲಿಲ್ಲ. ಗಡಿಗೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾಗದು ಎನ್ನುತ್ತಾರೆ; ಮುಚ್ಚಿಯೇ ಇದ್ದ ಊರ ಬಾಯಿ ಇನ್ನೂ ಕಷ್ಟವೆಂದು ಸದಾನಂದನಿಗೆ ತಿಳಿದಿತ್ತು.

"ತಂಗೀ" ಎಂದ. "ಲೋಣಾವಳಾದಾಗ ಹೋಟೆಲ್ ಕಟ್ಟೋ ಕೆಲಸ ಹಿಡ್ದೀನಿ. ಈಸ್ಟರ್ ಆದಮ್ಯಾಲ ಟೋಳಿ ಹೋಗ್ತದ. ಮಳಿ ಹಿಡಿಯೋದ್ರಾಗ ಸ್ಲ್ಯಾಬ್ ಆಗಬೇಕು. ನೀನೂ ಬಾ. ಸಪ್ನಾಗ ಇಲ್ಲಿ ಖೋಲಿ ಹಂಗೇ ಇರ್ತದ."

ಸಾಬವ್ವ ಕೊಡಕ್ಕೆ ನೀರು ಹಿಡಿಯುತ್ತಿದ್ದಳು. "ನಾ ಬರದಿದ್ರ?"

"ಬರದಿದ್ರ ಏನು ಹೇಳ್ಲಿ. ಖೋಲಿ ನಂದಲ್ಲ, ಮಾಲಕಂದು. ಕೆಲಸ ಮಾಡೋರಿಗಿ ಖೋಲಿ." ಆಮೇಲೆ ದನಿ ತಗ್ಗಿಸಿದ. "ನಾಳಿನ ಮಾತು ಛಲೋ ಆಗ್ಲಿ, ಸಾಬವ್ವ. ನನಗೂ ನಿದ್ದಿಲ್ಲ. ಗೊತ್ತಿಲ್ದ ಆದದ್ದು, ಹೋಯ್ತು. ಇಬ್ಬರಿಗೂ ತೀರ್ಲಿ."

ಗೊತ್ತಿಲ್ಲದೆ! ಸಾಬವ್ವನ ಮೈಯೆಲ್ಲ ಉರಿಯಿತು. ಕೊಡವನ್ನು ಅವನ ತಲೆಗೇ ಎತ್ತಿ ಹಾಕಬೇಕೆನ್ನಿಸಿತು. ಹಾಕಲಿಲ್ಲ, ಬಡವರ ಸಿಟ್ಟು ದವಡೆಗೆ ಮೂಲ ಎಂದು ಅವಳ ಅತ್ತೆ ಹೇಳುತ್ತಿದ್ದಳು. ಕೊಡ ಸೊಂಟಕ್ಕೇರಿಸಿ ನಡೆದಳು. ಅವಳಿಗೆ ಸದಾನಂದನ ಸಾವು ಬೇಕಿರಲಿಲ್ಲ. ಮಗನ ಹೆಸರು ಬೇಕಿತ್ತು, ಅಷ್ಟೇ.

ಶುಕ್ರವಾರ ಹನ್ನೆರಡಕ್ಕೆ ಪ್ರಾರ್ಥನೆಯ ಮನೆ ತುಂಬಿ, ಹೊರಗಿನ ನೆರಳಲ್ಲೂ ಜನ ಕೂತಿದ್ದರು. ಏಪ್ರಿಲ್ ಬಿಸಿಲಿಗೆ ಮೇಲಿನ ತಗಡು ಟಪ್ ಟಪ್ ಎನ್ನುತ್ತಿತ್ತು. ಮೊದಲ ಗೀತೆ ಮುಗಿಯಿತು. ಸಭೆಯ ಹಿರಿಯ ಅವ್ವಣ್ಣ, ಹಲ್ಲಿಲ್ಲದ ಮುದುಕ, ಪ್ರತಿ ವರ್ಷದಂತೆ ಎದ್ದು ನಿಂತು ರೂಢಿಯನ್ನು ಸಾರಿದ: "ಮಾತು ಬಂದವರು ಆಡ್ಲಿ. ಉಳಿದವರು ಬಾಯಿಗಿ ಕೈ ಹಚ್ರಿ. ಇಲ್ಲಿ ಆಡಿದ್ದಕ್ಕ ಇಲ್ಲೂ ಜವಾಬಿಲ್ಲ, ಹೊರಗೂ ಜವಾಬಿಲ್ಲ." ಸದಾನಂದ ಜೋರಾಗಿ "ಆಮೆನ್" ಎಂದ. ಅವನ ಹೆಂಡತಿ ರಾಧಾಬಾಯಿ ಹೆಂಗಸರ ಸಾಲಿನಲ್ಲಿ ಸಾಬವ್ವನ ಪಕ್ಕದಲ್ಲೇ ಕೂತಿದ್ದಳು. ಅವಳು ಮಾತ್ರ ಆಮೆನ್ ಅನ್ನಲಿಲ್ಲ.

ಸಾಬವ್ವ ಎದ್ದಳು. ಮುಂದೆ ಹೋಗಿ, ಸೆರಗು ಸರಿಮಾಡಿಕೊಂಡು ನಿಂತಳು. ಎಲ್ಲರೂ ಕಾಯುತ್ತಿದ್ದರು. ಪಾಸ್ಟರ್ ಧೈರ್ಯ ಕೊಡುವ ಹಾಗೆ ತಲೆ ಆಡಿಸಿದ. ಸಪ್ನಾ ಕಣ್ಣು ಮುಚ್ಚಿಕೊಂಡಳು.

"ನನಗ ಮೊದಲನೇ ಮಾತು ಬಂದದ" ಎಂದಳು. "ಮಾಫಿ ಮಾತು. ನಾ ಓದಿದಾಕಿ ಅಲ್ಲ. ಇಷ್ಟು ವರ್ಷ ನಾ ಏನು ತಿಳ್ಕೊಂಡಿದ್ದೆ ಅಂದ್ರ, ಮೊಳಿ ಬಡ್ದವ್ರಿಗಿ ಯೇಸುಸ್ವಾಮಿ ನಾ ಮಾಫ್ ಮಾಡೀನಿ ಅಂದಾನ ಅಂತ. ಹಂಗ ಅಂದಿಲ್ಲ. ಅಪ್ಪಾ, ನೀ ಮಾಡು ಅಂದಾನ. ಕೈಯಾಗ ಮೊಳಿ ಇಳೀಲಕತ್ತಾಗ ಆತನಿಗೂ ಆಗಲಿಲ್ಲೇನೋ, ನನಗ ತಿಳೀದು. ಮ್ಯಾಲಿನಾತನ ಕೈಗಿ ಕೊಟ್ಟ."

ಪಾಸ್ಟರ್ ಹುಬ್ಬೆತ್ತಿದ. ಹೀಗೆ ಯಾವ ಉಪದೇಶಿಯೂ ಹೇಳಿದ್ದಿಲ್ಲ. ತಪ್ಪೆನ್ನಲು ಬಾಯಿ ತೆರೆಯುವಂತಿರಲಿಲ್ಲ.

"ಮತ್ತ ಇನ್ನೊಂದು ಅಂದಾನ. ಇವ್ರು ಏನು ಮಾಡ್ಲಕತ್ತಾರ ಇವ್ರಿಗೇ ತಿಳಿವಲ್ದು ಅಂತ. ಅದು ತಿಳೀದೇ ಮಾಡಿದವ್ರಿಗಿ. ತಿಳಿದು ಮಾಡಿದವ್ರಿಗಿ ಏನು ಅಂತ ಆತ ಅಲ್ಲಿ ಹೇಳಿಲ್ಲ." ಅವಳು ಉಸಿರೆಳೆದುಕೊಂಡಳು. "ನನ್ನ ಮಗ ಜೈಭೀಮ ಕುಡ್ದಿದ್ದಿಲ್ಲ."

ಸದಾನಂದ ಅರ್ಧ ಎದ್ದ. "ಸಾಬವ್ವಾ, ಇದು ಆ ಮಾತಲ್ಲ..."

"ಕುಂಡ್ರು" ಎಂದ ಅವ್ವಣ್ಣ. ಮುದುಕನ ದನಿ ತೆಳ್ಳಗಿತ್ತು, ಆದರೆ ಅಲುಗಲಿಲ್ಲ. "ಮಾತು ಆಕೀದು."

ಸದಾನಂದ ಸುತ್ತ ನೋಡಿದ. ಯಾರ ಮುಖದಲ್ಲೂ ಅವನಿಗೆ ಜಾಗವಿರಲಿಲ್ಲ. ತಾನೇ ತೋಡಿದ ಹಳ್ಳಕ್ಕೆ ತಾನೇ ಬಿದ್ದವನಿಗೆ ಏಣಿ ಕೊಡುವವರು ಯಾರು? ಅವನು ಮೆಲ್ಲಗೆ ಕೂತ.

"ಹಗ್ಗ ಕೊಳ್ತಾವಣ್ಣ ಅಂತ ನನ್ನ ಮಗ ಹೇಳಿದ. ನಾ ಕೆಳಗ ಮಾಲು ಕಲಸ್ತಿದ್ದೆ, ಕೇಳೀನಿ. ಏರು ಅಂತ ಸದಾನಂದಣ್ಣ ಅಂದ, ಅದೂ ಕೇಳೀನಿ. ಹುಡುಗ ಏರಿದ. ಇಷ್ಟೇ ಆದದ್ದು. ಕುಡ್ದಿದ್ದ ಅಂದಾಗ ನಾ ಅಂಜಿ ಬಾಯಿ ಮುಚ್ಚೀನಿ. ನೀವೂ ಮುಚ್ಚೀರಿ."

ಎಲ್ಲೋ ಒಬ್ಬ ಹೆಂಗಸು ಸೆರಗಿನಲ್ಲಿ ಬಿಕ್ಕಿದಳು. ಟೋಳಿಯ ಹುಡುಗರು ತಲೆ ಎತ್ತಲಿಲ್ಲ. ಸಾಬವ್ವ ಈಗ ನೇರ ಸದಾನಂದನನ್ನೇ ನೋಡಿದಳು. ಒಂದು ವರ್ಷ ಅವನನ್ನು ಹೀಗೆ ನೋಡಿರಲಿಲ್ಲ. ನೋಡಿದರೆ ಏನು ಮಾಡಿಬಿಡುವೆನೋ ಎಂಬ ದಿಗಿಲಿತ್ತು. ನೋಡಿದರೆ, ನರೆತ ಗಡ್ಡದ ಒಬ್ಬ ಮನುಷ್ಯ, ಅಷ್ಟೇ.

"ಅಣ್ಣಾ, ನಿನಗ ಮಾಫ್ ಮಾಡೀನಿ ಅಂದ್ರ ಸುಳ್ಳಾಗ್ತದ. ಇಂಥಾ ದಿನ ಸುಳ್ಳು ಆಡಂಗಿಲ್ಲ. ನನ್ನ ಕೈಲೆ ಆಗವಲ್ದು. ನಿನ್ನ ಆತನ ಕೈಗಿ ಕೊಟ್ಟೀನಿ. ಆತ ಮಾಡ್ಲಿ, ಬಿಡ್ಲಿ, ಅದು ಆತಂದು ನಿಂದು. ನಾ ಮಾತ್ರ ಇವತ್ತಿಗಿ ನಿನ್ನ ಹೊರೂದು ಬಿಟ್ಟೆ. ಭಾಳ ಭಾರ ಆಗಿದ್ದಿ."

ಹೇಳಿ ಬಂದು ಕೂತಳು. ಪಾಸ್ಟರ್ ಗೀತೆಯ ಸಂಖ್ಯೆ ಹೇಳಲು ಮರೆತು ನಿಂತಿದ್ದ. ಅವನಿಗೆ ನಾಚಿಕೆಯಾಗಿತ್ತು, ಅದು ಮುಖದ ಮೇಲೆ ಕಾಣುತ್ತಿತ್ತು. ಕೊನೆಗೆ ಅವ್ವಣ್ಣನೇ ಕೀರಲು ದನಿಯಲ್ಲಿ ಹಾಡು ಎತ್ತಿದ, ಸಭೆ ಹಿಂದೆ ಹಿಂದೆ ಹಾಡಿತು. ಸಾಬವ್ವ ಹಾಡಲಿಲ್ಲ, ಅಳಲೂ ಇಲ್ಲ. ಅವಳಿಗೆ ಹಗುರವಾಗಿತ್ತು. ಹಗುರವಾದದ್ದಕ್ಕೆ ಅವಳಿಗೇ ಭಯವಾಯಿತು, ಮಗನನ್ನೇ ಇಳಿಸಿಬಿಟ್ಟೆನೇನೋ ಎಂದು. ಇಲ್ಲ, ಮಗ ಇದ್ದ. ಇಳಿದುಹೋದವನು ಇನ್ನೊಬ್ಬ.

ಎರಡನೆಯ ಮಾತು, ಮೂರನೆಯದು, ನಾಲ್ಕನೆಯದು. ಹೇಳಿದವರು ಏನು ಹೇಳಿದರೋ, ಕೇಳಿದವರು ಏನು ಕೇಳಿದರೋ. ಎಲ್ಲರ ಜೀವ ಆರನೆಯದರ ಮೇಲಿತ್ತು. ಐದನೆಯ ಮಾತೂ ಅದರ ಗೀತೆಯೂ ಮುಗಿದವು. ಸದಾನಂದ ಏಳಲಿಲ್ಲ. ಪಾಸ್ಟರ್ ಅವನ ಹೆಸರು ಹೇಳಿದ. ಆಗ ಎದ್ದ.

ಮುಂದೆ ಹೋಗಿ, ಜನರ ಕಡೆ ತಿರುಗಿ ನಿಂತ. ಬಿಳಿ ಅಂಗಿ ಬೆವರಿಗೆ ಮೈಗೆ ಹತ್ತಿತ್ತು. ನಿನ್ನೆಯವರೆಗೆ ಬಾಯಿಪಾಠ ಮಾಡಿದ ಉಪದೇಶ ಅವನಲ್ಲಿ ಇದ್ದೇ ಇರಬೇಕು; ಒಮ್ಮೆ ಗಂಟಲು ಸರಿಮಾಡಿಕೊಂಡು, "ಎಲ್ಲಾ ತೀರಿತು ಅಂತ ಪ್ರಭು..." ಎಂದು ಶುರುವನ್ನೂ ಮಾಡಿದ. ಅಲ್ಲಿಗೇ ನಿಂತ. ಹೊರಗೆ ಕೂಸೊಂದು ಅತ್ತು ಸುಮ್ಮನಾಯಿತು. ಜನ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ರಾಧಾಬಾಯಿ ಸಾಬವ್ವನ ತೊಡೆಯ ಹತ್ತಿರದ ಚಾಪೆಯನ್ನು ಬೆರಳಲ್ಲಿ ಕೀಳುತ್ತಿದ್ದಳು.

ಆಡಿದ ಮಾತಿಗೆ ಜವಾಬು ಕೊಡಬಾರದೆಂಬ ರೂಢಿ ಅವನಿಗೂ ಇತ್ತು. ಅಡ್ಡ ಹಾಕಿ ಪಾರಾಗುವಂತಿರಲಿಲ್ಲ, ಸುಳ್ಳೆನ್ನುವಂತಿರಲಿಲ್ಲ. ತನ್ನ ಪಾಲಿನ ಮಾತನ್ನು ಆಡುವುದೊಂದೇ ಉಳಿದಿತ್ತು.

"ನನಗ ಗೊತ್ತಿತ್ತು" ಎಂದ ಸದಾನಂದ.

ಅಷ್ಟೇ. ಹಿಂದಿನವರಿಗೆ ಕೇಳಿಸಿರಲಿಕ್ಕಿಲ್ಲ, ಮುಂದಿನವರು ತಿರುಗಿ ಹೇಳಬೇಕಾಯಿತು. ಅವನು ತನ್ನ ಜಾಗಕ್ಕೆ ಹೋಗಲಿಲ್ಲ, ನಿಂತಲ್ಲೇ ಗೋಡೆಗೆ ಆತುಕೊಂಡು ಕೆಳಗೆ ಕೂತ. ಅವನ ತಲೆ ಬಾಗಿದ್ದನ್ನು ಸಾಬವ್ವ ನೋಡಿದಳು. ಇದನ್ನು ನೋಡಬೇಕೆಂದು ಒಂದು ವರ್ಷ ಹಲ್ಲು ಕಚ್ಚಿ ಕಾದಿದ್ದಳು. ಈಗ ಕಣ್ಣೆದುರಿಗೇ ಇತ್ತು, ಖುಷಿಯೇನೂ ಆಗಲಿಲ್ಲ. ಪಾಪ ಎನಿಸಿತೇ ಎಂದರೆ ಅದೂ ಇಲ್ಲ. ಅವನು ಹೇಳದಿದ್ದರೂ ತಾನು ಇವತ್ತು ಹೀಗೇ ಹಗುರಾಗಿ ಮನೆಗೆ ಹೋಗುತ್ತಿದ್ದೆ ಎಂಬುದು ಮಾತ್ರ ಅವಳಿಗೆ ಚೆನ್ನಾಗಿ ಗೊತ್ತಾಯಿತು. ಆಗ ಅಳು ಬಂತು.

ಮೂರು ಗಂಟೆಗೆ ಜನ ಸದ್ದಿಲ್ಲದೆ ಹೊರಗೆ ಬಂದರು. ಒಳಗೆ ಆಡಿದ್ದರ ಬಗ್ಗೆ ಹೊರಗೆ ಯಾರೂ ಮಾತಾಡುವಂತಿಲ್ಲ, ಸುಮ್ಮನೆ ಮನೆಗೆ ಹೋಗಬೇಕು. ಸಪ್ನಾ ತಾಯಿಯ ಕೈ ಹಿಡಿದು ಪಿಸುಗುಟ್ಟಿದಳು. "ಅವ್ವಾ, ಖೋಲಿ?"

"ಹೋದ್ರ ಹೋಗ್ಲಿ. ನಾಲ್ಕು ತಗಡು ಈ ಪುಣೇದಾಗ ಎಲ್ಲೂ ಸಿಗಂಗಿಲ್ಲೇನು?" ಎಂದಳು ಸಾಬವ್ವ. ಹಾಗೆಂದು ಅವಳಿಗೇನೂ ಖಾತ್ರಿಯಿರಲಿಲ್ಲ. ಆದರೆ ಹೆದರಿಕೆಯೂ ಬರಲಿಲ್ಲ.

ಹಿಂದಿನಿಂದ ಬರಿಗಾಲಲ್ಲಿ ಯಾರೋ ಓಡಿ ಬರುವ ಸದ್ದಾಯಿತು. ರಾಧಾಬಾಯಿ. ಸುಡುವ ನೆಲದ ಮೇಲೆ ನಿಂತು ಏದುಸಿರು ಬಿಟ್ಟಳು. ಏನೋ ಹೇಳಬೇಕೆಂದು ಬಂದಿದ್ದಳು, ರೂಢಿ ಬಾಯಿ ಕಟ್ಟಿತ್ತು. ನಡೆದದ್ದರ ಬಗ್ಗೆ ಒಂದು ಮಾತೂ ಆಡುವಂತಿಲ್ಲ. ಆದರೆ ಕರೆಯಬಾರದೆಂದು ಯಾವ ಹಿರಿಯರೂ ಹೇಳಿರಲಿಲ್ಲ.

"ಜೈಭೀಮನ ಅವ್ವಾ" ಎಂದು ಕರೆದಳು.

ಅವರ ಊರಲ್ಲಿ ತಾಯಂದಿರನ್ನು ಕರೆಯುವುದೇ ಹಾಗೆ, ಚೊಚ್ಚಲ ಮಗುವಿನ ಹೆಸರು ಹಿಡಿದು. ಹುಡುಗ ಕುಡುಕನೆಂದಾದ ಮೇಲೆ ವಸ್ತಿಯವರು ಆ ಹೆಸರನ್ನು ನಾಲಿಗೆಗೆ ತರಲು ಹೇಸಿ, ಅವಳನ್ನು ಬರೀ ಸಾಬವ್ವ ಮಾಡಿಬಿಟ್ಟಿದ್ದರು. ದಾರಿಯಲ್ಲಿದ್ದವರು ತಿರುಗಿ ನಿಂತರು. ಮುದುಕಿ ಚಂದಮ್ಮ ನಡುಗುವ ದನಿಯಲ್ಲಿ ತಾನೂ ಕರೆದಳು, "ಜೈಭೀಮನ ಅವ್ವಾ." ಟೋಳಿಯ ಹುಡುಗನೊಬ್ಬ ಕರೆದ. ಇನ್ನೊಬ್ಬರು ಕರೆದರು.

ಅವಳು ತಿರುಗಿ ನಿಂತು, ಇಡೀ ವಸ್ತಿಗೆ ಕೇಳುವ ಹಾಗೆ "ಓ" ಎಂದಳು.